ರಿಕ್ತಾತಿಥಿಯಲ್ಲಿ ಅವತರಿಸಿದ ರಾಮ

ಚೈತ್ರ ಶುದ್ಧ ನವಮಿಯ ಮಧ್ಯಾಹ್ನ ಕನ್ನಡ ನಾಡಿನ ಮನೆಗಳಲ್ಲಿ ಒಂದು ವಿಶೇಷವಾದ ಸಡಗರವುಂಟು. ಬೆಲ್ಲದ ಪಾನಕ, ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿಗಳು ದೇವರಿಗೆ ನೈವೇದ್ಯವಾಗಿ, ಬಳಿಕ ಬಿಸಿಲಿನಲ್ಲಿ ಬಂದ ದಾರಿಹೋಕರಿಗೂ ಪ್ರಸಾದವಾಗುತ್ತವೆ. ಬೆಂಗಳೂರಿನಲ್ಲಿ ೧೯೩೯ರಲ್ಲಿ ಸ್ಥಾಪಿತವಾದ ಶ್ರೀರಾಮಸೇವಾ ಮಂಡಲಿಯ ಸಂಗೀತೋತ್ಸವಕ್ಕೆ ಜನ ಕಾದಿರುತ್ತಾರೆ. ಊರೂರ ರಾಮಮಂದಿರಗಳಲ್ಲಿ ಬಾಲಕಾಂಡದ ಹದಿನೆಂಟನೆಯ ಸರ್ಗದ ಪಾರಾಯಣವಾಗುತ್ತದೆ. ಜನನದ ಶ್ಲೋಕ ಬಂದೊಡನೆ ಗಂಟೆ ಮೊಳಗುತ್ತದೆ, ತೊಟ್ಟಿಲು ತೂಗುತ್ತದೆ.

ಅದೇ ಮನೆಗಳಲ್ಲಿ, ಅದೇ ಚೈತ್ರದಲ್ಲಿ, ಮತ್ತೊಂದು ವ್ಯಾಪಾರವೂ ನಡೆಯುತ್ತದೆ. ಗುಣವಂತೆಯೂ ವಿದ್ಯಾವತಿಯೂ ಆದ ಹುಡುಗಿಯ ಜಾತಕ ವರನ ಮನೆಯಿಂದ ಹಿಂದಕ್ಕೆ ಬರುತ್ತದೆ. ಕಾರಣವೇನೆಂದರೆ, ಆಕೆ ಆಶ್ಲೇಷಾ ನಕ್ಷತ್ರದವಳು, ಅತ್ತೆಗೆ ಆಗದು. ಇಲ್ಲವೇ ಆಕೆಗೆ ಕುಜದೋಷ, ಗಂಡನಿಗೆ ಆಗದು. ತೊಟ್ಟಿಲು ತೂಗಿದ ಕೈಯೇ ಜಾತಕವನ್ನು ಹಿಂದಿರುಗಿಸುತ್ತದೆ. ತೂಗಿದುದು ಯಾರ ತೊಟ್ಟಿಲು, ಓದಿದುದು ಯಾರ ಜಾತಕ ಎಂಬುದನ್ನು ಆ ಮನೆಯವರು ಅರೆಗಳಿಗೆ ಯೋಚಿಸಿದ್ದರೆ ಎರಡನೆಯ ಕೆಲಸಕ್ಕೆ ಅವರ ಕೈ ಏಳುತ್ತಿರಲಿಲ್ಲ. ಶ್ರೀರಾಮನ ಜನ್ಮಕಾಲವನ್ನು ಕುರಿತು ಆದಿಕವಿಯು ಹೇಳಿದ್ದು ಏನು, ಅದರಿಂದ ಜನರು ಹೊರಡಿಸಿದ ಅರ್ಥವೇನು, ಹೊರಡಿಸಬೇಕಾಗಿದ್ದ ಅರ್ಥವೇನು ಎಂಬುದನ್ನು ವಿಚಾರಿಸುವುದು ಆದುದರಿಂದ ಕೇವಲ ಪಂಡಿತರ ಕಾಲಕ್ಷೇಪವಲ್ಲ. ಅದು ಹೆಣ್ಣುಮಕ್ಕಳ ಬಾಳಿಗೂ ಹಸುಗೂಸುಗಳ ಉಸಿರಿಗೂ ಸಂಬಂಧಿಸಿದ ವಿಷಯ.

ಮೊದಲು ಮೂಲವನ್ನು ನೋಡತಕ್ಕದ್ದು. ಯಜ್ಞ ಮುಗಿದು ಆರು ಋತುಗಳು ಕಳೆದ ಮೇಲೆ, ಹನ್ನೆರಡನೆಯ ಮಾಸವಾದ ಚೈತ್ರದಲ್ಲಿ, ನವಮೀ ತಿಥಿಯಲ್ಲಿ, ಅದಿತಿಯು ದೇವತೆಯಾಗಿರುವ ಪುನರ್ವಸು ನಕ್ಷತ್ರದಲ್ಲಿ, ಐದು ಗ್ರಹಗಳು ತಮ್ಮ ಉಚ್ಚಸ್ಥಾನಗಳಲ್ಲಿರುವಾಗ, ಕರ್ಕಾಟಕ ಲಗ್ನದಲ್ಲಿ, ಗುರುವು ಚಂದ್ರನೊಡನೆ ಉದಯಿಸುತ್ತಿರಲು ಕೌಸಲ್ಯೆಯು ರಾಮನನ್ನು ಹಡೆದಳೆಂದು ರೂಢಿಯಲ್ಲಿರುವ ಪಾಠ ಹೇಳುತ್ತದೆ. ಭರತನದು ಪುಷ್ಯ ನಕ್ಷತ್ರ, ಮೀನ ಲಗ್ನ. ಸುಮಿತ್ರೆಯ ಅವಳಿಮಕ್ಕಳಾದ ಲಕ್ಷ್ಮಣ ಶತ್ರುಘ್ನರದು ಆಶ್ಲೇಷಾ ನಕ್ಷತ್ರ, ಕರ್ಕಾಟಕ ಲಗ್ನ. ಐದು ಗ್ರಹಗಳು ಯಾವುವೆಂದು ವಾಲ್ಮೀಕಿ ಹೆಸರಿಸಿಲ್ಲ. ಆದರೆ ಸೂರ್ಯನು ಮೇಷದಲ್ಲಿಯೂ, ಕುಜನು ಮಕರದಲ್ಲಿಯೂ, ಗುರುವು ಕರ್ಕಾಟಕದಲ್ಲಿಯೂ, ಶುಕ್ರನು ಮೀನದಲ್ಲಿಯೂ, ಶನಿಯು ತುಲೆಯಲ್ಲಿಯೂ ಇದ್ದರೆಂದು ಜ್ಯೋತಿಷಿಗಳು ರಾಮಜಾತಕವನ್ನು ಬರೆಯುವರು. ಅಧ್ಯಾತ್ಮ ರಾಮಾಯಣವು ಸೂರ್ಯನು ಮೇಷದಲ್ಲಿದ್ದನೆಂದು ಬಿಚ್ಚಿಯೇ ಹೇಳುತ್ತದೆ.

ಈ ವಾಕ್ಯಗಳನ್ನು ಹಿಡಿದುಕೊಂಡು ರಾಮನ ಜನ್ಮದಿನವನ್ನು ಕಂಡುಹಿಡಿದೆವೆಂದು ಸಾರುವವರು ಈಚಿನ ದಶಕಗಳಲ್ಲಿ ಹೆಚ್ಚಿದ್ದಾರೆ. ಪುಷ್ಕರ ಭಟ್ನಾಗರ್ ಎಂಬವರು ಆಕಾಶದ ಸ್ಥಿತಿಯನ್ನು ತೋರಿಸುವ ಗಣಕಯಂತ್ರದ ತಂತ್ರಾಂಶದಿಂದ ಕ್ರಿ.ಪೂ. ೫೧೧೪ರ ಜನವರಿ ೧೦ ಎಂದು ಗೊತ್ತುಮಾಡಿದರು. ಪಿ.ವಿ. ವರ್ತಕರು ಕ್ರಿ.ಪೂ. ೭೩೨೩ರ ಡಿಸೆಂಬರ್ ೪ ಎಂದರು. ನೀಲೇಶ್ ಓಕ್ ಎಂಬವರು ಕ್ರಿ.ಪೂ. ಹನ್ನೆರಡು ಸಹಸ್ರಕ್ಕೂ ಹಿಂದಕ್ಕೆ ಹೋದರು. ಒಂದೇ ಗ್ರಂಥ, ಒಂದೇ ಆಕಾಶ. ಉತ್ತರಗಳ ನಡುವಿನ ಅಂತರ ಮಾತ್ರ ಏಳು ಸಹಸ್ರ ವರ್ಷಗಳು! ಪುರಾಣಗಳ ಯುಗಮಾನವನ್ನು ಒಪ್ಪುವವರಿಗೆ ಇವುಗಳಲ್ಲಿ ಒಂದೂ ಒಗ್ಗದು. ಕಲಿಯುಗವು ಕ್ರಿ.ಪೂ. ೩೧೦೨ರಲ್ಲಿ ಮೊದಲಾಯಿತು; ಅದಕ್ಕೆ ಮುಂಚಿನ ದ್ವಾಪರ ೮,೬೪,೦೦೦ ವರ್ಷ. ಹೀಗಿರಲು ತ್ರೇತಾಯುಗದ ರಾಮನು ೮,೬೯,೦೦೦ ವರ್ಷಗಳಿಗೂ ಹಿಂದಿನವನಾಗಬೇಕು. ಪುರಾಣವನ್ನು ಪ್ರಮಾಣ ಮಾಡಲು ಹೊರಟವರು ಪುರಾಣವನ್ನೇ ಅಪ್ರಮಾಣ ಮಾಡಿದಂತಾಯಿತು.

ಇದಕ್ಕಿಂತಲೂ ಮುಖ್ಯವಾದ ತೊಡಕೊಂದುಂಟು. ಅದನ್ನು ನೋಡಲು ಯಂತ್ರ ಬೇಡ, ಗೋಡೆಗೆ ತೂಗುಹಾಕಿದ ಪಂಚಾಂಗ ಸಾಕು. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ದೂರ ಸರಿದರೆ ಒಂದು ತಿಥಿ. ಶುಕ್ಲ ನವಮಿಯೆಂದರೆ ಆ ದೂರವು ೯೬ ಅಂಶದಿಂದ ೧೦೮ ಅಂಶದೊಳಗೆ ಇರುವ ಕಾಲ. ಪುನರ್ವಸು ನಕ್ಷತ್ರವು ಮೇಷಾದಿಯಿಂದ ೮೦ ಅಂಶಕ್ಕೆ ಮೊದಲಾಗಿ ೯೩ ಅಂಶ ೨೦ ಕಲೆಗೆ ಮುಗಿಯುತ್ತದೆ. ಚಂದ್ರನು ಪುನರ್ವಸುವಿನ ಕೊನೆಯಲ್ಲಿಯೇ ಇದ್ದರೂ ಅವನಿಂದ ೯೬ ಅಂಶ ಹಿಂದಕ್ಕೆ ಎಣಿಸಿದರೆ ಸೂರ್ಯನು ಸಿಕ್ಕುವುದು ಮೀನರಾಶಿಯಲ್ಲಿ. ಮೇಷ ಇನ್ನೂ ಎರಡೂವರೆ ಅಂಶಕ್ಕೂ ಮಿಕ್ಕು ಮುಂದಿರುತ್ತದೆ. ಅಂದರೆ ನವಮಿಯೂ ಪುನರ್ವಸುವೂ ಕೂಡಿದ ದಿನ ಸೂರ್ಯನು ಮೇಷದಲ್ಲಿ ಉಚ್ಚನಾಗಿರುವುದು ಈಗಿನ ಪಂಚಾಂಗದ ವಿಭಾಗಕ್ರಮದಲ್ಲಿ ಎಂದಿಗೂ ಸಾಧ್ಯವಿಲ್ಲ. ಸೂರ್ಯನನ್ನು ಬಿಟ್ಟು ಬೇರೆ ಐದು ಗ್ರಹಗಳನ್ನು ಹಿಡಿಯೋಣವೆಂದರೆ ಅದೂ ಆಗದು. ಚಂದ್ರನ ಉಚ್ಚ ವೃಷಭ, ಅವನಿರುವುದು ಕರ್ಕಾಟಕದಲ್ಲಿ. ಬುಧನ ಉಚ್ಚ ಕನ್ಯೆ. ಸೂರ್ಯನನ್ನು ಅಗಲದೆ ಸುತ್ತುವ ಬುಧನು ಚೈತ್ರದಲ್ಲಿ ಅಷ್ಟು ದೂರ ಹೋಗಲಾರ. ರಾಹುಕೇತುಗಳನ್ನು ಬಿಟ್ಟು ಏಳು ಗ್ರಹಗಳಲ್ಲಿ ಈ ಎರಡು ಕಳೆದರೆ ಉಳಿಯುವವು ಐದೇ. ಸೂರ್ಯನನ್ನು ಬಿಡುವಂತೆಯೇ ಇಲ್ಲ.

ಸಂಶಯವಿದ್ದವರು ಹಳೆಯ ಪಂಚಾಂಗಗಳನ್ನು ತೆರೆದು ನೋಡಬಹುದು. ೨೦೨೩ರ ಮಾರ್ಚ್ ೩೦ರ ರಾಮನವಮಿಯಂದು ಪುನರ್ವಸುವಿತ್ತು; ಸೂರ್ಯನು ಮೀನದಲ್ಲಿದ್ದನು. ೨೦೨೪ರ ಏಪ್ರಿಲ್ ೧೭ರ ರಾಮನವಮಿಯಂದು ಸೂರ್ಯನು ಮೇಷಕ್ಕೆ ಬಂದಿದ್ದನು. ಆದರೆ ಮಧ್ಯಾಹ್ನಕ್ಕೆ ಚಂದ್ರನು ಪುನರ್ವಸುವನ್ನೂ ಪುಷ್ಯವನ್ನೂ ದಾಟಿ ಆಶ್ಲೇಷೆಯಲ್ಲಿದ್ದನು. ಒಂದನ್ನು ಹಿಡಿದರೆ ಮತ್ತೊಂದು ಜಾರುತ್ತದೆ. ಕಾಲನಿರ್ಣಯ ಮಾಡುವವರು ಇವುಗಳಲ್ಲಿ ಯಾವುದನ್ನಾದರೂ ಸಡಿಲಿಸಲೇಬೇಕು. ರಾಶಿಯನ್ನು ಒಂದು ಕ್ರಮದಿಂದಲೂ ನಕ್ಷತ್ರವನ್ನು ಮತ್ತೊಂದು ಕ್ರಮದಿಂದಲೂ ಅಳೆಯಬೇಕು. ಬೇಕಾದಾಗ ಬೇಕಾದ ಗಂಟನ್ನು ಸಡಿಲಿಸಬಹುದಾದರೆ ಯಾವ ವರ್ಷವನ್ನಾದರೂ ಕಟ್ಟಿಹಾಕಬಹುದು. ಅದಕ್ಕೆ ಗಣಿತವೆಂಬ ಹೆಸರು ಸಲ್ಲದು.

ಹಾಗಾದರೆ ಆದಿಕಾವ್ಯದ ಮಾತು ಸುಳ್ಳೇ ಎಂದು ಕೇಳುವವರುಂಟು. ಸುಳ್ಳಲ್ಲ; ಅದು ಕಾವ್ಯ. ಪ್ರಾಚೀನವಾದ ವೇದಾಂಗ ಜ್ಯೋತಿಷದಲ್ಲಿ ತಿಥಿ ನಕ್ಷತ್ರಗಳ ಗಣನೆಯಿದೆ, ಮೇಷಾದಿ ರಾಶಿಗಳ ಮೇಲೆ ನಿಂತ ಜಾತಕವಿಲ್ಲ. ಲಗ್ನ, ಉಚ್ಚ, ಹೋರೆಗಳ ಶಾಸ್ತ್ರ ಯವನರ ಸಂಪರ್ಕದಿಂದ ಬೆಳೆದುದೆಂಬುದಕ್ಕೆ ವರಾಹಮಿಹಿರನ ಬೃಹಜ್ಜಾತಕದಲ್ಲಿ ಬರುವ ರಾಶಿಗಳ ಯವನನಾಮಗಳೇ ಸಾಕ್ಷಿ. ಮಹಾಪುರುಷನ ಜನನವನ್ನು ಹೇಳುವಾಗ ಹೂಮಳೆ ಕರೆಯಿತು, ದೇವದುಂದುಭಿ ಮೊಳಗಿತು ಎಂದು ಹೇಗೆ ವರ್ಣಿಸುವರೋ ಹಾಗೆಯೇ ಐದು ಗ್ರಹಗಳು ಉಚ್ಚದಲ್ಲಿದ್ದವೆಂದೂ ವರ್ಣಿಸಿದರು. ಹೂಮಳೆಯ ಪ್ರಮಾಣವನ್ನು ಅಂಗುಲದಲ್ಲಿ ಅಳೆಯಲು ಹೋಗದವರು ಗ್ರಹಗಳನ್ನು ಮಾತ್ರ ಯಂತ್ರಕ್ಕೆ ಹಾಕಿ ನೋಡುವುದು ವಿಚಿತ್ರವಲ್ಲವೇ? ಅವರ ಭಕ್ತಿಯನ್ನು ಶಂಕಿಸಬೇಕಾಗಿಲ್ಲ. ಆದರೆ ತಾರೀಖು ಸಿಕ್ಕದಿದ್ದರೆ ರಾಮನು ಕೈತಪ್ಪಿಹೋದಾನೆಂಬ ಭಯ ಆ ಭಕ್ತಿಯ ತಳದಲ್ಲಿದೆ. ವನವಾಸದ ಹದಿನಾಲ್ಕು ವರ್ಷ ಅಣ್ಣನ ಪಾದುಕೆಗಳನ್ನೇ ನಂಬಿ ರಾಜ್ಯವನ್ನು ಕಾಪಾಡಿದ ಭರತನಿಗೆ ಇಂಥ ಭಯವಿರಲಿಲ್ಲ.

ಇರಲಿ, ಗ್ರಹಗಳ ಲೆಕ್ಕ ಕೂಡದಿದ್ದರೂ ಜನ್ಮಕಾಲಕ್ಕೆ ಅರ್ಥವಿಲ್ಲವೆಂದಲ್ಲ. ಅರ್ಥವು ಜನ ಹುಡುಕುವ ಕಡೆ ಇಲ್ಲವೆಂಬುದಷ್ಟೆ. ತಿಥಿಗಳನ್ನು ನಂದಾ, ಭದ್ರಾ, ಜಯಾ, ರಿಕ್ತಾ, ಪೂರ್ಣಾ ಎಂದು ಐದು ಬಗೆಯಾಗಿ ವಿಂಗಡಿಸುವರು. ಚೌತಿ, ನವಮಿ, ಚತುರ್ದಶಿಗಳು ರಿಕ್ತಾ, ಎಂದರೆ ಬರಿದಾದವು. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ರಿಕ್ತಾತಿಥಿಯನ್ನು ಮುಹೂರ್ತಶಾಸ್ತ್ರ ವರ್ಜಿಸುತ್ತದೆ. ಅಷ್ಟಮಿ ನವಮಿಗಳಲ್ಲಿ ಹೊಸ ಕೆಲಸಕ್ಕೆ ಕೈಹಾಕಬಾರದೆಂದು ಮನೆಯ ಹಿರಿಯರೂ ಹೇಳುವರು. ಆ ನವಮಿಯಲ್ಲಿಯೇ ರಾಮನು ಹುಟ್ಟಿದನು. ಆ ಅಷ್ಟಮಿಯಲ್ಲಿ, ಅದೂ ಕೃಷ್ಣಪಕ್ಷದ ನಡುರಾತ್ರಿಯಲ್ಲಿ, ಸೆರೆಮನೆಯಲ್ಲಿ ಕೃಷ್ಣನು ಹುಟ್ಟಿದನು. ಪೂರ್ಣಾತಿಥಿಗಳಾದ ಪಂಚಮಿ, ದಶಮಿ, ಹುಣ್ಣಿಮೆಗಳು ಕವಿಗೆ ದುರ್ಲಭವಾಗಿದ್ದವೇ? ಇಡಿಯ ವರ್ಷವೇ ಅವನ ಕೈಯಲ್ಲಿತ್ತು. ಹಾಗಿದ್ದರೂ ಲೋಕವು ಬರಿದೆಂದು ತಳ್ಳಿದ ತಿಥಿಯೇ ಅವತಾರಕ್ಕೆ ಬಂದಿತು. ಬಂದ ಬಳಿಕ ಆ ತಿಥಿಯೇ ಲೋಕಕ್ಕೆ ಹಬ್ಬವಾಯಿತು.

ನಕ್ಷತ್ರವೂ ಇದೇ ಮಾತನ್ನು ಹೇಳುತ್ತದೆ. ಪುನರ್ವಸುವೆಂದರೆ ಮತ್ತೆ ಬರುವ ಒಳಿತು, ಮರಳಿ ದೊರೆಯುವ ಸಂಪತ್ತು. ಅದರ ದೇವತೆ ಅದಿತಿ. ಕಟ್ಟಿಲ್ಲದವಳು, ಸೆರೆಯಿಲ್ಲದವಳು, ಆದಿತ್ಯರ ತಾಯಿ. ಬರಿದಾದ ತಿಥಿ, ಮರಳಿ ತುಂಬುವ ನಕ್ಷತ್ರ, ಬಂಧನವನ್ನು ಬಿಚ್ಚುವ ದೇವತೆ: ಈ ಮೂರನ್ನು ಕೂಡಿಸಿ ಓದಿದರೆ ಮುಂದಿನ ಕಥೆಯ ಸಾರವೇ ಅಲ್ಲಿದೆ. ಮಕ್ಕಳಿಲ್ಲದ ಅರಮನೆಗೆ ಮಗು ಬಂದಿತು. ಸಿಂಹಾಸನ ಬರಿದಾಯಿತು, ಮತ್ತೆ ತುಂಬಿತು. ಅಶೋಕವನದ ಸೆರೆ ಬಿಚ್ಚಿತು. ರಾಮನ ಹುಟ್ಟಿನ ಆಧ್ಯಾತ್ಮಿಕವಾದ ಅರ್ಥ ಒಂದೇ ವಾಕ್ಯಕ್ಕೆ ಸಲ್ಲುತ್ತದೆ: ಗಳಿಗೆಯು ರಾಮನನ್ನು ದೊಡ್ಡವನನ್ನಾಗಿ ಮಾಡಲಿಲ್ಲ; ರಾಮನು ಗಳಿಗೆಯನ್ನು ದೊಡ್ಡದು ಮಾಡಿದನು.

ಈ ಅರ್ಥವನ್ನು ತಲೆಕೆಳಗು ಮಾಡಿದುದರ ಫಲ ಇತ್ತೀಚೆಗೆ ಕಣ್ಣಿಗೆ ಕಾಣುವಂತಾಯಿತು. ೨೦೨೪ರ ಜನವರಿ ೨೨ರಂದು ಅಯೋಧ್ಯೆಯ ಮಂದಿರದಲ್ಲಿ ಬಾಲರಾಮನ ಪ್ರಾಣಪ್ರತಿಷ್ಠೆಯಾಯಿತು. ಅದಕ್ಕೆ ಗೊತ್ತುಮಾಡಿದ್ದ ಮುಹೂರ್ತ ಮಧ್ಯಾಹ್ನದ ೮೪ ಸೆಕೆಂಡುಗಳು. ಕೋಟ್ಯಂತರ ಜನರು ಆ ದಿನ ದೀಪ ಹಚ್ಚಿದರು. ಅದು ಸಹಜವಾದ ಸಂತೋಷ. ಆದರೆ ಆ ದಿನವೇ ತಮಗೆ ಮಗುವಾಗಬೇಕು, ಶಸ್ತ್ರಕ್ರಿಯೆಯಿಂದಲಾದರೂ ಹೆರಿಗೆ ಮಾಡಿಸಿರಿ ಎಂದು ಕಾನ್ಪುರವೇ ಮೊದಲಾದ ಊರುಗಳಲ್ಲಿ ಗರ್ಭಿಣಿಯರೂ ಅವರ ಮನೆಯವರೂ ವೈದ್ಯರನ್ನು ಕೇಳಿಕೊಂಡರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಪಂಚಾಂಗ ನೋಡಿ ಹೆರಿಗೆಯ ಗಳಿಗೆಯನ್ನು ಗೊತ್ತುಮಾಡಿಸುವ ಪದ್ಧತಿ ಆ ಒಂದು ದಿನಕ್ಕೆ ಸೀಮಿತವಾದುದೂ ಅಲ್ಲ. ನಗರಗಳ ವಿದ್ಯಾವಂತ ಕುಟುಂಬಗಳಲ್ಲಿಯೂ ಅದು ಬಳಕೆಗೆ ಬಂದಿದೆ. ಜೋಯಿಸರು ಬರೆದುಕೊಟ್ಟ ಚೀಟಿಯನ್ನು ವೈದ್ಯರ ಮೇಜಿನ ಮೇಲಿಟ್ಟು, ಇಂಥ ಗಂಟೆ ಇಂಥ ನಿಮಿಷ ಎಂದು ಕೇಳುವವರು ಅನಕ್ಷರಸ್ಥರಲ್ಲ.

ತಾಯಿಯ ಅಥವಾ ಶಿಶುವಿನ ಪ್ರಾಣಕ್ಕಾಗಿ ಮಾಡುವ ಶಸ್ತ್ರಕ್ರಿಯೆ ದೇವರ ಕೃಪೆಯೇ ಸರಿ. ಆದರೆ ಬೇರೆ ಕಾರಣವಿಲ್ಲದಿದ್ದರೆ ೩೯ ವಾರ ತುಂಬುವ ಮೊದಲು ಹಾಗೆ ಹೆರಿಗೆ ಮಾಡಬಾರದೆಂಬುದು ವೈದ್ಯಶಾಸ್ತ್ರದ ನಿಯಮ. ಕೊನೆಯ ವಾರಗಳಲ್ಲಿಯೇ ಶ್ವಾಸಕೋಶಗಳು ಬಲಿಯುತ್ತವೆ; ಮುಂಚೆ ಹೊರತೆಗೆದ ಕೂಸು ಉಸಿರಿಗಾಗಿ ಕಷ್ಟಪಡುವ ಸಂಭವ ಹೆಚ್ಚು. ತಾಯಿಗೆ ರಕ್ತಸ್ರಾವ, ಸೋಂಕು, ಮುಂದಿನ ಬಸುರಿನಲ್ಲಿ ತೊಡಕು ಇವೆಲ್ಲ ಇದ್ದೇ ಇವೆ. ರಾಮನಂಥ ಮಗ ಬೇಕೆಂದು ರಾಮನ ಗಳಿಗೆಗೆ ಕೂಸನ್ನು ಕಿತ್ತು ತೆಗೆಯುವವರು ಬಾಲಕಾಂಡವನ್ನು ಓದಿದ್ದರೆ ಒಂದು ಮಾತನ್ನು ಗಮನಿಸಬೇಕಿತ್ತು. ಆರು ಋತುಗಳು ಕಳೆದ ಮೇಲೆ ಹನ್ನೆರಡನೆಯ ಮಾಸದಲ್ಲಿ ರಾಮನು ಹುಟ್ಟಿದನೆಂದು ಕವಿ ಹೇಳುತ್ತಾನೆ. ವೃದ್ಧನಾದ ದಶರಥನಿಗಿಂತ ಆತುರವುಳ್ಳ ತಂದೆ ಯಾರು? ಅಂಥವನೂ ಕಾದನು. ವಸಿಷ್ಠರೂ ಗಳಿಗೆಯನ್ನು ಎಳೆದು ತರಲಿಲ್ಲ. ಬಂದ ಗಳಿಗೆಯನ್ನು ಸ್ವಾಗತಿಸಿದರು.

ಮುಹೂರ್ತದ ಬಲವನ್ನು ಅಳೆಯಬೇಕೆಂಬವರಿಗೆ ರಾಮಾಯಣವೇ ಎರಡು ನಿದರ್ಶನಗಳನ್ನು ಕೊಟ್ಟಿದೆ. ಸೀತಾರಾಮರ ವಿವಾಹಕ್ಕೆ ಉತ್ತರಾ ಫಲ್ಗುನಿಯನ್ನು ಆರಿಸಿದರು. ಭಗನು ಅಧಿದೇವತೆಯಾದ ಆ ನಕ್ಷತ್ರ ಮದುವೆಗೆ ಪ್ರಶಸ್ತವೆಂದು ಬಲ್ಲವರು ಹೇಳಿದ್ದರು. ಎದುರಿಗೆ ವಸಿಷ್ಠ ವಿಶ್ವಾಮಿತ್ರರೇ ಇದ್ದರು. ಇಂಥ ಮುಹೂರ್ತ ಯಾವ ಕಲ್ಯಾಣಮಂಟಪದಲ್ಲಿ ಯಾರಿಗೆ ದೊರಕೀತು? ಆ ದಂಪತಿಗಳ ಪಾಲಿಗೆ ಬಂದುದು ಕಾಡು, ಅಪಹಾರ, ಅಗಲಿಕೆ. ಎರಡನೆಯದು ಪಟ್ಟಾಭಿಷೇಕ. ಈ ದಿನ ಚಂದ್ರನು ಪುನರ್ವಸುವಿಗೆ ಬಂದಿದ್ದಾನೆ, ನಾಳೆ ಪುಷ್ಯಯೋಗ ನಿಶ್ಚಯವೆಂದು ದಶರಥನು ಮಗನನ್ನು ಕರೆದು ಹೇಳಿದನು. ಪುಷ್ಯವು ಬಂದಿತು, ಪಟ್ಟ ಬರಲಿಲ್ಲ, ನಾರುಮಡಿ ಬಂದಿತು. ವಿವಾಹದ ಮುಹೂರ್ತವೂ ಪಟ್ಟದ ಮುಹೂರ್ತವೂ ಮಾಡದ ಕೆಲಸವನ್ನು ಆಸ್ಪತ್ರೆಯ ಗಡಿಯಾರದ ಮುಹೂರ್ತ ಮಾಡೀತೇ?

ಇಲ್ಲಿ ಎದುರುಪಕ್ಷದವರ ಒಂದು ಆಕ್ಷೇಪವನ್ನು ಮರೆಮಾಚಬಾರದು. ಸೂರ್ಯ, ಅಂಗಾರಕ, ರಾಹುಗಳು ತನ್ನ ಜನ್ಮನಕ್ಷತ್ರವನ್ನು ಆಕ್ರಮಿಸಿರುವರೆಂದು ದೈವಜ್ಞರು ಹೇಳಿದುದನ್ನು ಅದೇ ಸಂದರ್ಭದಲ್ಲಿ ದಶರಥನು ರಾಮನಿಗೆ ತಿಳಿಸುತ್ತಾನೆ. ಕೆಲವೇ ದಿನಗಳಲ್ಲಿ ದಶರಥನು ಮಡಿದನು. ಆದುದರಿಂದ ಶಾಸ್ತ್ರ ನಿಜವಾಯಿತಲ್ಲವೇ ಎಂದು ಅವರು ಕೇಳುವರು. ಆದರೆ ತನ್ನ ಸಾವಿಗೆ ಕಾರಣವೇನೆಂಬುದನ್ನು ಸಾಯುವ ಇರುಳಿನಲ್ಲಿ ದಶರಥನೇ ಕೌಸಲ್ಯೆಗೆ ಹೇಳಿದನು. ಯೌವನದಲ್ಲಿ ಶಬ್ದವೇಧಿಯೆಂಬ ಹೆಮ್ಮೆಯಿಂದ ಕತ್ತಲಲ್ಲಿ ಬಿಟ್ಟ ಬಾಣ, ನೀರು ತರಲು ಬಂದಿದ್ದ ಮುನಿಕುಮಾರನ ಸಾವು, ಅಂಧರಾದ ತಾಯಿತಂದೆಗಳ ಶಾಪ: ಇವು ಅವನು ಹೇಳಿದ ಕಾರಣಗಳು. ಕೈಕೇಯಿಗೆ ವಿವೇಚನೆಯಿಲ್ಲದೆ ಇತ್ತ ಎರಡು ವರಗಳನ್ನು ಲೋಕವೆಲ್ಲ ಬಲ್ಲುದು. ಸಾಯುವವನು ಅಂಗಾರಕನನ್ನು ದೂರಲಿಲ್ಲ, ತನ್ನ ಕೈಯನ್ನು ದೂರಿಕೊಂಡನು. ಕವಿಯ ನಿರ್ಣಯ ಎಲ್ಲಿದೆಯೆಂಬುದು ಇದರಿಂದ ಸ್ಪಷ್ಟ. ರಾಮನೂ ಆ ಸಮಯದಲ್ಲಿ ದೈವದ ಮಾತನ್ನಾಡಿದುದು ನಿಜ; ಲಕ್ಷ್ಮಣನು ಅದನ್ನು ಖಂಡಿಸಿ ಪೌರುಷವನ್ನು ಹೊಗಳಿದುದೂ ನಿಜ. ಆದರೆ ದೈವವೆಂದ ರಾಮನು ಕಾಡಿಗೆ ಹೊರಡಲು ಮುಹೂರ್ತ ಕೇಳಲಿಲ್ಲ. ತಂದೆಯ ಮಾತು ಉಳಿಯಬೇಕೆಂಬುದೊಂದೇ ಅವನಿಗೆ ಮುಹೂರ್ತವಾಗಿತ್ತು.

ಇನ್ನು ಹೆಣ್ಣುಮಕ್ಕಳ ಜಾತಕದ ವಿಷಯ. ಆಶ್ಲೇಷೆಯವಳು ಅತ್ತೆಗೆ ಆಗಳು, ಮೂಲೆಯವಳು ಮಾವನಿಗೆ ಆಗಳು, ಜ್ಯೇಷ್ಠೆಯವಳು ಭಾವನಿಗೆ, ವಿಶಾಖೆಯವಳು ಮೈದುನನಿಗೆ ಆಗಳು ಎಂಬ ಮಾತು ಕನ್ನಡ ಮನೆಗಳಲ್ಲಿ ಗಾದೆಯಂತೆ ಉಳಿದುಬಂದಿದೆ. ಇಪ್ಪತ್ತೇಳು ನಕ್ಷತ್ರಗಳಲ್ಲಿ ನಾಲ್ಕು ಹೀಗೆ ಬಹಿಷ್ಕೃತವಾದರೆ ಸರಿಸುಮಾರಾಗಿ ಏಳು ಹುಡುಗಿಯರಲ್ಲಿ ಒಬ್ಬಳು ಹುಟ್ಟಿದಂದೇ ಅಪರಾಧಿಯಾದಂತೆ. ಲಕ್ಷ್ಮಣ ಶತ್ರುಘ್ನರದು ಆಶ್ಲೇಷೆಯೆಂದು ಆದಿಕಾವ್ಯ ಹೇಳುತ್ತದೆ. ಅಣ್ಣನ ನೆರಳಾಗಿ ಹದಿನಾಲ್ಕು ವರ್ಷ ಕಾಡಿನಲ್ಲಿ ನಿಂತವನನ್ನು ಪೂಜಿಸುವ ಮನೆಯೇ ಅವನ ನಕ್ಷತ್ರದ ಹುಡುಗಿಯನ್ನು ಹೊಸ್ತಿಲು ದಾಟಿಸದು. ಗಂಡಿಗೆ ದೋಷವಿಲ್ಲ, ಹೆಣ್ಣಿಗೆ ಮಾತ್ರವೆಂಬುದು ಅವರ ಸಮಾಧಾನ. ಆಕಾಶದಲ್ಲಿರುವ ಸರ್ಪನಕ್ಷತ್ರಕ್ಕೆ ಭೂಮಿಯ ಮೇಲೆ ಹುಟ್ಟಿದ ಕೂಸು ಗಂಡೋ ಹೆಣ್ಣೋ ಎಂಬ ಪಕ್ಷಪಾತ ಎಲ್ಲಿಂದ ಬಂದಿತೆಂಬುದನ್ನು ಅವರು ಹೇಳರು. ಅದು ಬಂದುದು ಆಕಾಶದಿಂದಲ್ಲ, ಮದುವೆಯ ಚೌಕಾಶಿಯಿಂದ ಎಂಬುದನ್ನು ಬಲ್ಲವರೆಲ್ಲ ಬಲ್ಲರು.

ಅವಳಿಗಳ ಜಾತಕವು ಮತ್ತೊಂದು ಪಾಠವನ್ನೂ ಹೇಳುತ್ತದೆ. ಒಂದೇ ನಕ್ಷತ್ರ, ಒಂದೇ ಲಗ್ನ, ಒಬ್ಬಳೇ ತಾಯಿ. ಒಬ್ಬನು ರಾಮನ ಹಿಂದೆ ನಡೆದನು, ಮತ್ತೊಬ್ಬನು ಭರತನ ಜೊತೆ ಉಳಿದನು. ಒಬ್ಬನು ಕಾಡಿನಲ್ಲಿ ಪರ್ಣಶಾಲೆ ಕಟ್ಟಿದನು, ಮತ್ತೊಬ್ಬನು ಲವಣನನ್ನು ಕೊಂದು ಮಧುರಾಪುರಿಯಲ್ಲಿ ಅರಸಾದನು. ಬಾಳನ್ನು ನಿರ್ಣಯಿಸಿದುದು ಹುಟ್ಟಿದ ಗಳಿಗೆಯಲ್ಲ, ಯಾರ ಜೊತೆ ನಿಲ್ಲಬೇಕೆಂದು ಅವರು ಮಾಡಿಕೊಂಡ ಆಯ್ಕೆ.

ಕುಜದೋಷವನ್ನು ಇದೇ ಬೆಳಕಿನಲ್ಲಿ ನೋಡಬೇಕು. ಲಗ್ನದಿಂದಾಗಲಿ ಚಂದ್ರನಿಂದಾಗಲಿ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೆಯ ಮನೆಗಳಲ್ಲಿ ಕುಜನಿದ್ದರೆ ದೋಷವೆಂದು ಸಾಲಾವಳಿ ನೋಡುವವರು ಹೇಳುವರು. ಅವರೇ ಬರೆದ ರಾಮಜಾತಕದಲ್ಲಿ ಲಗ್ನವೂ ಕರ್ಕಾಟಕ, ಚಂದ್ರನಿರುವುದೂ ಕರ್ಕಾಟಕ, ಕುಜನು ಮಕರದಲ್ಲಿ. ಎತ್ತಲಿಂದ ಎಣಿಸಿದರೂ ಅದು ಏಳನೆಯದಾದ ಕಳತ್ರಸ್ಥಾನ. ಈ ಜಾತಕವನ್ನು ಹೆಸರು ಬರೆಯದೆ ಒಂದು ಹುಡುಗಿಯದೆಂದು ಕಳುಹಿಸಿದರೆ ಎಷ್ಟು ಮನೆಗಳು ಹಿಂದಿರುಗಿಸದೆ ಇಟ್ಟುಕೊಂಡಾವು?

ಕುಜನು ಉಚ್ಚನಾದುದರಿಂದ ದೋಷ ಪರಿಹಾರವಾಯಿತೆಂದು ಜ್ಯೋತಿಷಿಗಳು ಉತ್ತರ ಕೊಡುವರು. ಒಳ್ಳೆಯದು. ಪರಿಹಾರವಾಗಿದ್ದರೆ ಆ ದೋಷದ ಫಲವೆಂದು ಅವರು ಹೇಳುವ ಪತ್ನೀವಿಯೋಗ ಹೇಗೆ ಬಂದಿತು? ಪರಿಹಾರವಾಗಿರದಿದ್ದರೆ ಕುಜದೋಷವುಳ್ಳವನೇ ಏಕಪತ್ನೀವ್ರತಸ್ಥನೆಂದು ಲೋಕಕ್ಕೆ ಆದರ್ಶನಾದನಷ್ಟೆ. ಆ ದೋಷಕ್ಕೆ ಹೆದರುವುದೇಕೆ? ಎರಡರಲ್ಲಿ ಯಾವುದನ್ನು ಒಪ್ಪಿದರೂ ಹುಡುಗಿಯ ಜಾತಕವನ್ನು ಹಿಂದಿರುಗಿಸಲು ಕಾರಣ ಉಳಿಯದು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಜಾನಕಿಯೇ. ಜನಕನು ಭೂಮಿಯನ್ನು ಉಳುವಾಗ ನೇಗಿಲಗೆರೆಯಲ್ಲಿ ಸಿಕ್ಕಿದ ಕೂಸು ಅವಳು. ವೈಶಾಖ ಶುದ್ಧ ನವಮಿಯನ್ನು ಸೀತಾನವಮಿಯೆಂದು ಆಚರಿಸುವವರುಂಟು, ಅದೂ ರಿಕ್ತಾತಿಥಿಯೇ. ಆದರೆ ಅವಳು ದೊರೆತ ದಿನ ತಿಳಿದೀತೇ ಹೊರತು ಹುಟ್ಟಿದ ಗಳಿಗೆ ಯಾರಿಗೂ ತಿಳಿಯದು. ಗಳಿಗೆ ತಿಳಿಯದ ಮೇಲೆ ಲಗ್ನವಿಲ್ಲ. ಲಗ್ನವಿಲ್ಲದ ಮೇಲೆ ಜಾತಕವಿಲ್ಲ. ಮಿಥಿಲೆಯಲ್ಲಿ ವಸಿಷ್ಠರು ಇಕ್ಷ್ವಾಕುಗಳ ವಂಶಾವಳಿಯನ್ನು ಹೇಳಿದರು, ಜನಕನು ತನ್ನ ವಂಶವನ್ನು ಹೇಳಿದನು. ರಾಮನ ಯೋಗ್ಯತೆಗೆ ಮುರಿದ ಬಿಲ್ಲು ಸಾಕ್ಷಿಯಾಗಿತ್ತು. ಜಾತಕ ಕೂಡಿಸಿದ ಮಾತು ಬಾಲಕಾಂಡದಲ್ಲಿ ಎಲ್ಲಿಯೂ ಇಲ್ಲ. ಜಾತಕವೇ ಇಲ್ಲದ ಹೆಣ್ಣನ್ನು ರಘುವಂಶ ಸೊಸೆಯಾಗಿ ತಂದುಕೊಂಡಿತು. ಆ ದಂಪತಿಗಳ ಹೆಸರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಜಾತಕ ಕೂಡಲಿಲ್ಲವೆಂದು ಹೆಣ್ಣನ್ನು ಬಿಡುತ್ತಾರೆ. ಸೀತೆಯೇ ಕನ್ನೆಯಾಗಿ ಬಂದು ಬಾಗಿಲಲ್ಲಿ ನಿಂತರೂ ಇವರು ಮೊದಲು ಕೇಳುವುದು ಅವಳ ನಕ್ಷತ್ರ ಪಾದವನ್ನು!

ಇಷ್ಟರಿಂದ ಪಂಚಾಂಗವನ್ನು ಒಲೆಗೆ ಹಾಕಬೇಕೆಂದು ಯಾರೂ ಭಾವಿಸಬೇಕಾಗಿಲ್ಲ. ಕಾಲವನ್ನು ಅಳೆಯುವ ವಿದ್ಯೆ ಈ ದೇಶದ ಹಿರಿಮೆಗಳಲ್ಲಿ ಒಂದು. ಅದರ ಸದುಪಯೋಗಕ್ಕೆ ಅಯೋಧ್ಯೆಯಲ್ಲಿಯೇ ಉದಾಹರಣೆಯಿದೆ. ೨೦೨೪ರ ರಾಮನವಮಿಯ ಮಧ್ಯಾಹ್ನ ಕನ್ನಡಿಗಳ ಮತ್ತು ಮಸೂರಗಳ ಮೂಲಕ ಸೂರ್ಯನ ಕಿರಣವು ಬಾಲರಾಮನ ಹಣೆಯ ಮೇಲೆ ತಿಲಕವಾಗಿ ಬಿದ್ದಿತು. ರಾಮನವಮಿಯು ಚಾಂದ್ರಮಾನದ ಹಬ್ಬವಾದುದರಿಂದ ಸೌರಮಾನದಲ್ಲಿ ಅದರ ದಿನ ವರ್ಷವರ್ಷವೂ ಸರಿಯುತ್ತದೆ. ಸೂರ್ಯನ ಎತ್ತರವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಹತ್ತೊಂಬತ್ತು ವರ್ಷಗಳಿಗೊಮ್ಮೆ ಎರಡು ಮಾನಗಳೂ ಸರಿಸುಮಾರಾಗಿ ಕೂಡುವುವಾಗಿ, ಹತ್ತೊಂಬತ್ತು ವರ್ಷಗಳ ಸ್ಥಾನಗಳಿಗೂ ಹೊಂದುವಂತೆ ಆ ಯಂತ್ರವನ್ನು ರಚಿಸಿದರು. ರೂರ್ಕಿಯ ಕಟ್ಟಡ ಸಂಶೋಧನ ಸಂಸ್ಥೆಯವರು ಅದನ್ನು ಕಟ್ಟಿದರು. ಸೂರ್ಯನ ಗತಿಯ ಗಣಿತವನ್ನು ಮಾಡಿಕೊಟ್ಟವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ಅಲ್ಲಿ ಗಣಿತವು ಭಕ್ತಿಗೆ ಸೇವಕನಾಗಿ ನಿಂತಿತು. ರಾಮನು ಉಂಟೋ ಇಲ್ಲವೋ ಎಂದು ತೀರ್ಪು ಹೇಳಲು ಹೋಗಲಿಲ್ಲ. ಯಾವ ತಾಯಿಗೂ ಅದರಿಂದ ಗಾಯವಾಗಲಿಲ್ಲ, ಯಾವ ಹುಡುಗಿಯೂ ಅದರಿಂದ ಕಣ್ಣೀರು ಹಾಕಲಿಲ್ಲ.

ವಿದ್ಯಾವಂತರ ಮನೆಗಳು ಈ ವಿಷಯದಲ್ಲಿ ಮುಂದಾಗಬೇಕು. ಏಕೆಂದರೆ ತಪ್ಪಿನಲ್ಲಿಯೂ ಅವರೇ ಮುಂದಾಗಿದ್ದಾರೆ. ಹಳ್ಳಿಯ ರೈತನು ಹೆಂಡತಿಯ ಹೆರಿಗೆಗೆ ಲಗ್ನಶುದ್ಧಿಯನ್ನು ಕೊಂಡುಕೊಳ್ಳಲಾರ. ಕೊಳ್ಳಬಲ್ಲವರು ಪಟ್ಟಣದ ಪದವೀಧರರು. ಮಗನಿಗೆ ಮದುವೆ ಮಾಡುವ ತಂದೆತಾಯಿಗಳು ಹುಡುಗಿಯ ಆರೋಗ್ಯವನ್ನು ವಿಚಾರಿಸಲಿ, ಶೀಲವನ್ನು ವಿಚಾರಿಸಲಿ, ಮಕ್ಕಳಿಬ್ಬರ ಮನಸ್ಸು ಕೂಡಿತೇ ಎಂದು ವಿಚಾರಿಸಲಿ. ಅವಳ ನಕ್ಷತ್ರ ಆಶ್ಲೇಷೆಯೆಂದು ತಿಳಿದಾಗ ಲಕ್ಷ್ಮಣನ ನಕ್ಷತ್ರವೆಂದು ಹೇಳಿ ಒಳಕ್ಕೆ ಕರೆಯಲಿ. ಕೂಸು ನವಮಿಯಲ್ಲಿ ಹುಟ್ಟಿತೆಂದರೆ ರಾಮನ ತಿಥಿಯೆನ್ನಲಿ. ಅಮಾವಾಸ್ಯೆಯಲ್ಲಿ ಹುಟ್ಟಿತೆಂದರೆ ಮರುದಿನದಿಂದ ಚಂದ್ರನು ಬೆಳೆಯುವನೆನ್ನಲಿ.

ಮುಂದಿನ ಚೈತ್ರದಲ್ಲಿಯೂ ಪಾರಾಯಣ ನಡೆಯುತ್ತದೆ, ತೊಟ್ಟಿಲು ತೂಗುತ್ತದೆ. ಆ ದಿನ ಪಾನಕದ ಲೋಟವನ್ನು ಕೈಗೆ ತೆಗೆದುಕೊಳ್ಳುವ ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಪೆಟ್ಟಿಗೆಯಲ್ಲಿ ಯಾರ ಮಗಳ ಜಾತಕವಾದರೂ ಹಿಂದಿರುಗಿಸಲು ಕಾದಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇದ್ದರೆ, ಅದನ್ನು ಹಿಂದಕ್ಕೆ ಕಳುಹಿಸುವ ಮುನ್ನ ಆ ಹುಡುಗಿಯನ್ನು ಒಮ್ಮೆ ಕಣ್ಣಾರೆ ನೋಡಿ ಬರಲಿ.